ಹಿಂದಿನ ಗಾಲಿಯ ಬೆಲ್ಟ್: ಬದಲಿಸುವ ಮುನ್ನ, ಬದಲಿಸಿದ ಮೇಲೆ

ಹುನ್ನೂರಿನ ಸುತ್ತಮುತ್ತ ಪಟ್ಟಾ ಅಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ರಬಕವಿ-ಬನಹಟ್ಟಿಯ ಪವರ್‌ಲೂಮ್, ಊರೂರಿನ ಹಿಟ್ಟಿನ ಗಿರಣಿ, ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣ, ಎಲ್ಲ ಕಡೆಯೂ ಮೋಟಾರಿನ ಶಕ್ತಿಯನ್ನು ಪಟ್ಟಾ ಸಾಗಿಸಿದೆ. ಜಾರಿದರೆ ರಾಳ ಹಚ್ಚುವುದು, ಸಡಿಲಾದರೆ ಮೋಟಾರನ್ನು ಇನ್ನಷ್ಟು ಹಿಂದಕ್ಕೆ ಎಳೆದು ಬಿಗಿಯುವುದು, ಹರಿದರೆ ತುಂಡನ್ನು ಜೋಡಿಸಿ ಹೊಲಿಯುವುದು ಈ ಭಾಗದ ಫಿಟ್ಟರುಗಳಿಗೆ ಕೈಗೆ ಹತ್ತಿದ ವಿದ್ಯೆ. ಈಗ ಬೆಲ್ಟಿನಿಂದ ಹಿಂದಿನ ಗಾಲಿ ತಿರುಗುವ ಗಾಡಿಗಳು ನಮ್ಮ ರಸ್ತೆಗೂ ಬಂದಿವೆ. ತೊಂದರೆ ಶುರುವಾಗುವುದು ಇಲ್ಲೇ. ಗಿರಣಿಯ ಪಟ್ಟಾಕ್ಕೆ ಒಪ್ಪುವ ಈ ಮೂರೂ ಉಪಾಯ ಗಾಡಿಯ ಬೆಲ್ಟನ್ನು ಹಾಳು ಮಾಡುತ್ತವೆ.

ಕಾರಣ ಸರಳ. ಗಿರಣಿಯ ಪಟ್ಟಾ ಹಿಡಿತದಿಂದ, ಅಂದರೆ ಘರ್ಷಣೆಯಿಂದ ಕೆಲಸ ಮಾಡುತ್ತದೆ. ಗಾಡಿಯ ಹಿಂದಿನ ಬೆಲ್ಟ್ ಹಲ್ಲಿನಿಂದ ಕೆಲಸ ಮಾಡುತ್ತದೆ. ಅದರ ಒಳಮೈಯಲ್ಲಿ ಸಾಲಾಗಿ ಹಲ್ಲುಗಳಿರುತ್ತವೆ, ಅವು ಪುಲ್ಲಿಯ ಹಲ್ಲುಗಳ ನಡುವೆ ಕೂರುತ್ತವೆ. ಹೊರಗೆ ಕಾಣುವ ರಬ್ಬರ್ ಅಥವಾ ಪಾಲಿಯುರೆಥೇನ್ ಬರೀ ಮೈ. ಎಳೆತವನ್ನೆಲ್ಲ ತಡೆಯುವುದು ಒಳಗೆ ಉದ್ದಕ್ಕೂ ಓಡುವ ಸಣ್ಣ ಎಳೆಗಳು. ಅವು ಅರಾಮಿಡ್ ಎಂಬ ಗಟ್ಟಿ ನಾರಿನವು, ಇಲ್ಲವೇ ಕಾರ್ಬನ್ನಿನವು. ನೇರ ಎಳೆತಕ್ಕೆ ಈ ಎಳೆಗಳು ಬಲು ಗಟ್ಟಿ, ಮಡಿಕೆಗೆ ಮಾತ್ರ ಬಲು ನಾಜೂಕು. ಈ ಒಂದು ಗುಣ ತಿಳಿದರೆ ಮುಂದೆ ಹೇಳುವ ಅರ್ಧ ಮಾತು ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ನಿಮ್ಮ ಗಾಡಿಯಲ್ಲಿ ಈ ಬೆಲ್ಟ್ ಇದೆಯೇ ಎಂದು ನೋಡಿಕೊಳ್ಳಿ. ಆಕ್ಟಿವಾ, ಜುಪಿಟರ್, ಆ್ಯಕ್ಸೆಸ್‌ನಂಥ ಪೆಟ್ರೋಲ್ ಸ್ಕೂಟರುಗಳಲ್ಲೂ ಬೆಲ್ಟ್ ಇದೆ, ಆದರೆ ಅದು ಬೇರೆ ಜಾತಿ. ಎಡಗಡೆಯ ಮುಚ್ಚಿದ ಪೆಟ್ಟಿಗೆಯೊಳಗೆ ವೇರಿಯೇಟರಿಗೂ ಕ್ಲಚ್ಚಿಗೂ ನಡುವೆ ಓಡುವ ವಿ-ಬೆಲ್ಟ್ ಅದು, ಗೇರಿನ ಕೆಲಸವನ್ನೂ ಅದೇ ಮಾಡುತ್ತದೆ. ಅದರ ಒಳಗಡೆ ಹಲ್ಲಿನಂತೆ ಕಾಣುವ ಗೀರುಗಳು ಬಾಗಲು ಅನುಕೂಲವಾಗಲೆಂದು ಮಾಡಿದವು. ಅದನ್ನು ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಿಸಿಬಿಡಿ, ಹೆಚ್ಚು ಯೋಚನೆ ಬೇಡ. ಈ ಲೇಖನದ ಮಾತು ಹಿಂದಿನ ಗಾಲಿಯ ಪಕ್ಕದಲ್ಲಿ ಬಯಲಿಗೆ ಕಾಣುವ ಹಲ್ಲಿನ ಬೆಲ್ಟಿನದು. ಬೆಂಗಳೂರಿನಲ್ಲಿ ನೆಲೆಯಿರುವ ಏಥರ್‌ನ 450 ಸಾಲಿನ ವಿದ್ಯುತ್ ಸ್ಕೂಟರುಗಳಲ್ಲಿ, ಓಲಾದ ಮೊದಲ ಎಸ್‌1 ಪ್ರೊಗಳಲ್ಲಿ, ರಿವೋಲ್ಟ್ ಆರ್‌ವಿ400 ಬೈಕಿನಲ್ಲಿ ಅದಿದೆ. ಹಾರ್ಲೆ ಡೇವಿಡ್‌ಸನ್‌ನ ಸ್ಟ್ರೀಟ್ 750, ಐರನ್ 883ರಲ್ಲಿ ಇರುವುದೂ ಅದೇ. 2023ರಲ್ಲಿ ಹೀರೋ ಜತೆಗೂಡಿ ಬಂದ ಹಾರ್ಲೆ ಎಕ್ಸ್440ರಲ್ಲಿ ಮಾತ್ರ ಚೈನ್. ಹೆಸರು ನೋಡಿ ಬೆಲ್ಟ್ ಎಂದುಕೊಳ್ಳಬೇಡಿ, ಗಾಲಿ ನೋಡಿ.

ಮೋಟರ್‌ಸೈಕಲ್ಲಿಗೆ ಬೆಲ್ಟ್ ಹೊಸದೇನಲ್ಲ. ತೀರ ಆರಂಭದ ಬೈಕುಗಳು ಚರ್ಮದ ಪಟ್ಟಾದ ಮೇಲೇ ಓಡಿದವು. ಮಳೆಯಲ್ಲಿ ಅದು ಜಾರುತ್ತಿದ್ದುದರಿಂದ ಚೈನ್ ಬಂತು. ಹಲ್ಲಿನ ಬೆಲ್ಟ್ ದೊಡ್ಡ ಬೈಕಿಗೆ ಮರಳಿದ್ದು 1980ರಲ್ಲಿ, ಹಾರ್ಲೆಯ ಸ್ಟರ್ಜಿಸ್ ಮಾದರಿಯೊಂದಿಗೆ. ಎಣ್ಣೆ ಬೇಡ, ಸದ್ದಿಲ್ಲ, ಪದೇ ಪದೇ ಬಿಗಿಯುವ ಗೋಜಿಲ್ಲ. ಈ ಮೂರು ಲಾಭ ನಿಜವಾದವು. ಹಾಗಂತ ಬೆಲ್ಟ್ ಎಲ್ಲದಕ್ಕೂ ಮೇಲು ಎಂದೇನಿಲ್ಲ. 2025ರ ಆರಂಭದಲ್ಲಿ ಬಂದ ಮೂರನೇ ಪೀಳಿಗೆಯ ಎಸ್‌1 ಸ್ಕೂಟರುಗಳಲ್ಲಿ ಓಲಾ ಬೆಲ್ಟನ್ನು ಬಿಟ್ಟು ಚೈನಿಗೆ ಹೋಯಿತು. ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ ತನ್ನ ಎಫ್77 ವಿದ್ಯುತ್ ಬೈಕಿಗೆ ಮೊದಲಿನಿಂದಲೂ ಚೈನನ್ನೇ ಇಟ್ಟಿದೆ.

ಬೆಲ್ಟಿನ ಶತ್ರು ಯಾರೆಂದು ಕೇಳಿದರೆ ನಮ್ಮ ಭಾಗದಲ್ಲಿ ಉತ್ತರ ಒಂದೇ, ಖಡಿ. ದೂಳಿನಿಂದ ಅದು ಕಿರುಗುಟ್ಟಬಹುದು, ಕೆಸರಿನಿಂದ ಹೊಲಸಾಗಬಹುದು, ಎರಡನ್ನೂ ತೊಳೆದರೆ ಮುಗಿಯಿತು. ಆದರೆ ಕಡಲೆಕಾಳಿನಷ್ಟು ಒಂದು ಖಡಿ ಬೆಲ್ಟಿಗೂ ಹಿಂದಿನ ಪುಲ್ಲಿಗೂ ನಡುವೆ ಸಿಕ್ಕರೆ ಹೋಗಲು ಜಾಗವಿರುವುದಿಲ್ಲ. ಪುಲ್ಲಿ ಲೋಹ, ಖಡಿ ಕಲ್ಲು, ಸೋಲುವುದು ಬೆಲ್ಟ್. ಅದು ಬೆಲ್ಟಿನ ಮೈಯನ್ನು ತೂತು ಮಾಡಿ ಒಳಗಿನ ಎಳೆಗಳನ್ನು ಕತ್ತರಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರದ ಕಾರ್ಖಾನೆಗಳ ಕಡೆ ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳು ಹೊಲದ ಎರಿ ಮಣ್ಣನ್ನು ಡಾಂಬರಿನ ಮೇಲೆ ತಂದು ಹಾಕುತ್ತವೆ, ರಸ್ತೆಯ ಅಂಚು ಕಿತ್ತು ಖಡಿ ಮೇಲೆ ಬರುತ್ತದೆ. ಒದ್ದೆ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಅದರೊಳಗೆ ಖಡಿ ಹುದುಗಿದರೆ ಬೆಲ್ಟಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಆದ್ದರಿಂದ ಬೆಲ್ಟಿನ ಕೆಳಗಡೆ ಕಂಪನಿ ಕೊಟ್ಟ ಪ್ಲಾಸ್ಟಿಕ್ ಕವಚವನ್ನು, ಅಂದ ಕೆಡುತ್ತದೆ ಎಂದೋ ಸದ್ದು ಮಾಡುತ್ತದೆ ಎಂದೋ ಬಿಚ್ಚಿ ಬಿಸಾಡಬೇಡಿ. ಒಡೆದಿದ್ದರೆ ಹೊಸದು ಹಾಕಿಸಿ. ಬೆಲ್ಟಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಇನ್ನು ಬದಲಿಸುವ ಕಾಲ ಬಂದಿದೆಯೋ ಇಲ್ಲವೋ ನೋಡುವ ಬಗೆ. ವಿದ್ಯುತ್ ಗಾಡಿಯಾದರೆ ಮೊದಲು ಪೂರ್ತಿ ಆಫ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಅದು ನಿಂತಾಗ ಇಂಜಿನ್ನಿನ ಸದ್ದು ಇರುವುದಿಲ್ಲ, ಚಾಲೂ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಸಿಕ್ಕರೆ ಬೆರಳೇ ಹೋಗುತ್ತದೆ. ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಟೈರ್ ಹಿಡಿದು ನಿಧಾನ ತಿರುಗಿಸುತ್ತ, ಟಾರ್ಚ್ ಹಿಡಿದು ಬೆಲ್ಟಿನ ಪೂರ್ತಿ ಸುತ್ತನ್ನು ನೋಡಿ. ಅರ್ಧ ಸುತ್ತು ನೋಡಿ ಸುಮ್ಮನಾದರೆ ಪ್ರಯೋಜನವಿಲ್ಲ.

ಅಂಚಿನಲ್ಲಿ ಎಳೆ ತುಸು ಎದ್ದು ರೋಮದಂತೆ ಕಾಣುತ್ತಿದ್ದರೆ ಗಾಬರಿ ಬೇಡ, ಆದರೆ ಪುಲ್ಲಿಗಳ ಸಾಲು ನೇರ ಇದೆಯೇ ನೋಡಿಸಿ. ಹಲ್ಲಿನ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಗುರುತಿಟ್ಟುಕೊಂಡು ಮುಂದಿನ ಸಲ ಬೆಳೆದಿದೆಯೇ ಎಂದು ಹೋಲಿಸಿ. ಬಿರುಕು ಹಲ್ಲಿನ ಬುಡದಿಂದ ಹೊರಗೆ ಕಾಣುವಂತಿದ್ದರೆ, ಒಂದೇ ಒಂದು ಹಲ್ಲು ಉದುರಿದ್ದರೂ, ಹಲ್ಲುಗಳು ಸವೆದು ಕೊಕ್ಕೆಯಂತೆ ಒಂದು ಕಡೆ ಬಾಗಿದ್ದರೆ ಬೆಲ್ಟ್ ಮುಗಿದಿದೆ, ಮುಂದಿನ ವಾರ ಎನ್ನಬೇಡಿ. ಖಡಿ ಹೊಡೆದ ತೂತು ಬೆಲ್ಟಿನ ನಟ್ಟನಡುವೆ ಸಣ್ಣದಾಗಿದ್ದರೆ ಕಣ್ಣಿಟ್ಟುಕೊಂಡು ಓಡಿಸಬಹುದು, ಅಂಚಿಗೆ ಬಿದ್ದಿದ್ದರೆ ಬದಲಿಸಲೇಬೇಕು, ಏಕೆಂದರೆ ಹರಿಯುವುದು ಅಂಚಿನಿಂದಲೇ. ಬೆನ್ನಿನ ಮೇಲೆ ಎಣ್ಣೆಯ ಮಸಿ ಕಂಡರೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ, ಅದನ್ನು ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಹಣ ನೀರಿಗೆ ಹಾಕಿದಂತೆ.

ಬೆಲ್ಟ್ ನೋಡಿ ಪುಲ್ಲಿ ನೋಡದೆ ಬಿಡುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯ. ಪುಲ್ಲಿಯ ಹಲ್ಲಿನ ಮೇಲೆ ಗಟ್ಟಿಯಾದ ಲೇಪನ ಇರುತ್ತದೆ. ಅದು ಸವೆದ ಪುಲ್ಲಿ ಹೊಸ ಬೆಲ್ಟನ್ನು ಅರದಂತೆ ತಿನ್ನುತ್ತದೆ. ನೋಡುವುದು ಹೀಗೆ: ಚೂಪಾದ ಗೀರುಕಡ್ಡಿಯನ್ನು, ಅಂದರೆ ಕಬ್ಬಿಣದ ಮೇಲೆ ಗುರುತು ಹಾಕುವ ಕಡ್ಡಿಯನ್ನು, ಎರಡು ಹಲ್ಲುಗಳ ನಡುವಿನ ತಗ್ಗಿನ ತಳದಲ್ಲಿ ಮಧ್ಯಮ ಒತ್ತಡದಲ್ಲಿ ಅಡ್ಡ ಎಳೆಯಿರಿ. ಗೀರದೆ ಸರ್ರನೆ ಜಾರಿದರೆ ಲೇಪನ ಗಟ್ಟಿಯಿದೆ. ತುದಿ ಒಳಗೆ ಕಚ್ಚಿ ಹೊಳೆಯುವ ಗೆರೆ ಬಿದ್ದರೆ ಪುಲ್ಲಿಯೂ ಹೋಗಿದೆ. ಹಲ್ಲಿನ ಮೇಲೆ ಕಲ್ಲಿನ ಗುದ್ದು ಬಿದ್ದು ಲೋಹ ಮೇಲೆದ್ದಿದ್ದರೆ ಬೆಲ್ಟಿನ ಮೈಮೇಲೆ ಅದೇ ಆಕಾರದ ಗುರುತು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗುರುತು ಕಂಡರೆ ಬೆಲ್ಟನ್ನು ಬೈಯಬೇಡಿ, ಪುಲ್ಲಿ ಬದಲಿಸಿ.

ಹೊಸ ಬೆಲ್ಟ್ ತರುವಾಗ ಪಾರ್ಟ್ ನಂಬರ್ ನೋಡಿ ತನ್ನಿ, ಹಳೆಯದನ್ನು ಅಂಗಡಿಯವನಿಗೆ ತೋರಿಸಿ ‘ಇಂಥದ್ದು ಕೊಡು’ ಎನ್ನಬೇಡಿ. ಹಲ್ಲಿನಿಂದ ಹಲ್ಲಿಗೆ ಇರುವ ಅಂತರ, ಹಲ್ಲಿನ ಒಟ್ಟು ಸಂಖ್ಯೆ, ಅಗಲ, ಹಲ್ಲಿನ ಆಕಾರ ನಾಲ್ಕೂ ಕೂಡಬೇಕು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಬೆಲ್ಟುಗಳ ಹಲ್ಲಿನ ಆಕಾರ ಬೇರೆಯಾಗಿದ್ದರೆ ಹಲ್ಲು ಪುಲ್ಲಿಯಲ್ಲಿ ಪೂರ್ತಿ ಕೂರುವುದಿಲ್ಲ. ಕಂಪನಿಗಳು ಹಳೆಯ ಬೆಲ್ಟನ್ನು ಸುಧಾರಿಸಿ ಹೊಸ ನಂಬರಿನಲ್ಲಿ ಕೊಡುವುದೂ ಉಂಟು. ಆಗ ಹೊಸ ನಂಬರು ನಿಮ್ಮ ಗಾಡಿಯ ವರ್ಷಕ್ಕೆ ಒಪ್ಪುತ್ತದೆಯೇ ಎಂದು ಚಾಸಿ ನಂಬರ್ ಹೇಳಿ ಖಚಿತ ಮಾಡಿಕೊಳ್ಳಿ. ಕೊರಿಯರಿನಲ್ಲಿ ತರಿಸಿದರೆ ಪೊಟ್ಟಣ ಬಿಚ್ಚಿದ ಕೂಡಲೇ ನೋಡಿ. ಬೆಲ್ಟನ್ನು ಚಿಕ್ಕ ಸುರುಳಿ ಸುತ್ತಿ ದಾರ ಕಟ್ಟಿ ಕಳಿಸಿದ್ದರೆ, ಅಥವಾ ಒಂದು ಕಡೆ ಮಡಿಕೆ ಬಿದ್ದ ಗೆರೆ ಕಂಡರೆ, ತೆಗೆದುಕೊಳ್ಳಬೇಡಿ. ಮುಂದಿನ ಪುಲ್ಲಿಯ ವ್ಯಾಸಕ್ಕಿಂತ ಚಿಕ್ಕದಾಗಿ ಬೆಲ್ಟನ್ನು ಸುತ್ತಬಾರದು, ಹಲ್ಲು ಹೊರಗೆ ಬರುವಂತೆ ತಿರುವಿ ಮಡಿಸಬಾರದು, ಹಗ್ಗದಂತೆ ಹೊಸೆಯಬಾರದು. ಒಳಗೆ ಮುರಿದ ಎಳೆ ಹೊರಗೆ ಕಾಣುವುದಿಲ್ಲ, ಸಾವಿರ ಕಿಲೋಮೀಟರ್ ಆದ ಮೇಲೆ ನಡುರಸ್ತೆಯಲ್ಲಿ ಕಾಣುತ್ತದೆ. ಅಂಗಡಿಯಲ್ಲಿ ಮೊಳೆಗೆ ನೇತುಹಾಕಿದ ಬೆಲ್ಟೂ ಬೇಡ.

ಬಿಚ್ಚುವ ಕೆಲಸ ಮನೆಯಲ್ಲೇ ಮಾಡಬಹುದೇ ಎಂಬುದು ಗಾಡಿಯ ಮೇಲೆ ಹೋಗುತ್ತದೆ. ಚೈನಿಗೆ ಲಾಕ್ ಕೊಂಡಿ ಇರುತ್ತದೆ, ಬಿಚ್ಚಿ ಎಳೆದರೆ ಬಂತು. ಬೆಲ್ಟಿಗೆ ಕೊಂಡಿ ಇಲ್ಲ, ಅದು ಮುರಿಯದ ಬಳೆ. ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ತೋಳು ಬೆಲ್ಟಿನ ಸುತ್ತಿನೊಳಗಿಂದ ಹಾದುಹೋಗುವ ಗಾಡಿಗಳಲ್ಲಿ ಸ್ವಿಂಗ್‌ಆರ್ಮನ್ನೇ ಸಡಿಲಿಸಿ ಈಚೆ ತರಬೇಕು. ಹಾರ್ಲೆಯ ದೊಡ್ಡ ಇಂಜಿನ್ನಿನ ಮಾದರಿಗಳಲ್ಲಂತೂ ಪ್ರೈಮರಿ ಕವಚವನ್ನೂ ಬಿಚ್ಚಬೇಕಾಗುತ್ತದೆ, ಅದು ಒಂದು ದಿನದ ಕೆಲಸ. ಮೊದಲ ಬಾರಿಗೆ ಮಾಡುವವರು ಅದಕ್ಕೆ ಕೈ ಹಾಕುವುದು ಬೇಡ. ವಿದ್ಯುತ್ ಸ್ಕೂಟರಿನಲ್ಲಿ ಕೆಲಸ ಅಷ್ಟು ದೊಡ್ಡದಲ್ಲ, ಆದರೆ ವಾರಂಟಿ ಇರುವವರೆಗೆ ಕಂಪನಿಯ ಕೈಯಲ್ಲೇ ಮಾಡಿಸಿ. ಗಾಡಿ ಕೊಳ್ಳುವ ಮುನ್ನವೇ ನಿಮ್ಮೂರಿಗೆ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ, ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಬೆಳಗಾವಿಯಲ್ಲೋ, ಅಲ್ಲಿ ಬೆಲ್ಟ್ ದಾಸ್ತಾನಿರುತ್ತದೆಯೋ ಎಂದು ಕೇಳಿಕೊಳ್ಳಿ. ಚೈನ್ ಹರಿದರೆ ಹುನ್ನೂರಲ್ಲೋ ಜಮಖಂಡಿಯಲ್ಲೋ ಸಿಕ್ಕೀತು. ಬೆಲ್ಟ್ ಹರಿದ ಗಾಡಿ ಟೆಂಪೊ ಹತ್ತಿಯೇ ಹೋಗಬೇಕು.

ನಿಮ್ಮ ಫಿಟ್ಟರೇ ಮಾಡುವುದಾದರೆ ಎದುರಿಗೆ ನಿಂತು ಎರಡು ವಿಷಯ ನೋಡಿ. ಒಂದು, ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಪುಲ್ಲಿಯ ಮೇಲೆ ಹತ್ತಿಸಬಾರದು. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಚೈನ್ ಹತ್ತಿಸುವಂತೆ ಅರ್ಧ ಹಿಡಿದು ಗಾಲಿ ತಿರುಗಿಸಿಯೂ ಹತ್ತಿಸಬಾರದು. ಎಕ್ಸಲ್ ಸಡಿಲಿಸಿ, ಅಡ್ಜಸ್ಟರ್ ಬಿಟ್ಟು, ಗಾಲಿಯನ್ನು ಮುಂದಕ್ಕೆ ತಳ್ಳಿ, ಬೆಲ್ಟ್ ತಾನಾಗಿ ಕೂರುವಂತೆ ಮಾಡಬೇಕು. ಎರಡು, ಹಳೆಯ ಇಂಜಿನ್ ಆಯಿಲ್ ಹಚ್ಚಿದ ಕೈಯಲ್ಲಿ ಹೊಸ ಬೆಲ್ಟ್ ಮುಟ್ಟಬಾರದು. ಚೈನಿಗೆ ಸುಟ್ಟ ಆಯಿಲ್ ಸುರಿಯುವ ರೂಢಿ ಇರುವ ಗ್ಯಾರೇಜಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಟೆನ್ಶನ್ನಿನ ವಿಷಯದಲ್ಲಿ ನಿಧಾನವಾಗಿ ಓದಿ, ಬೆಲ್ಟಿನ ಆಯುಸ್ಸು ಇರುವುದು ಇಲ್ಲೇ. ಹೆಬ್ಬೆರಳಿನಿಂದ ಒತ್ತಿ ‘ಸರಿ ಇದೆ’ ಎನ್ನುವುದು ಅಳತೆಯಲ್ಲ. ಹಾರ್ಲೆಯ ಪುಸ್ತಕಗಳು ಸುಮಾರು 4.5 ಕಿಲೋ ಬಲದಿಂದ ಬೆಲ್ಟನ್ನು ಒತ್ತಿದಾಗ ಅದು ಎಷ್ಟು ಬಾಗುತ್ತದೆ ಎಂದು ನೋಡಲು ಹೇಳುತ್ತವೆ. ಎಷ್ಟು ಬಾಗಬೇಕು ಎಂಬುದು ಮಾದರಿಗೊಂದು. ಕೆಲವು ವಿದ್ಯುತ್ ಗಾಡಿಗಳಲ್ಲಿ ಬೆಲ್ಟನ್ನು ಮೀಟಿ ಅದರ ಕಂಪನವನ್ನು ಯಂತ್ರದಿಂದ ಅಳೆಯುತ್ತಾರೆ. ಬಲದ ಅಳತೆ ಹೇಳಿರುವ ಗಾಡಿಗೆ ನಮ್ಮ ಕಿರಾಣಿ ಅಂಗಡಿಯ ಕೊಂಡಿ ತಕ್ಕಡಿ ಸಾಕು. ಎರಡು ಬೆರಳಗಲದ ಬಟ್ಟೆಯ ಪಟ್ಟಿಯನ್ನು ಎರಡು ಪುಲ್ಲಿಗಳ ನಟ್ಟನಡುವೆ ಬೆಲ್ಟಿಗೆ ಸುತ್ತಿ, ತಕ್ಕಡಿಯ ಕೊಂಡಿ ಸಿಕ್ಕಿಸಿ, ಮುಳ್ಳು ನಾಲ್ಕೂವರೆಗೆ ಬರುವವರೆಗೆ ನೇರ ಕೆಳಗೆ ಎಳೆಯಿರಿ. ಪಕ್ಕದಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದು ಬೆಲ್ಟ್ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಓದಿ. ಗಾಲಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೀಗೆ ನಾಲ್ಕು ಕಡೆ ಅಳೆದಾಗ ಅತಿ ಬಿಗಿ ಇರುವ ಜಾಗ ಸಿಗುತ್ತದೆ, ಪುಸ್ತಕದ ಅಳತೆಯನ್ನು ಹೊಂದಿಸಬೇಕಾದ್ದು ಆ ಜಾಗದಲ್ಲಿ. ಓಡಿ ಬಂದ ಬಿಸಿ ಗಾಡಿಯಲ್ಲಿ ಅಳೆಯಬೇಡಿ, ಬೆಳಿಗ್ಗೆ ತಣ್ಣಗಿದ್ದಾಗ ಅಳೆಯಿರಿ.

ಇನ್ನೊಂದು ಸೂಕ್ಷ್ಮ. ಹಿಂದಿನ ಸೀಟಿನಲ್ಲಿ ಭಾರ ಬಿದ್ದು ಶಾಕಪ್ ಇಳಿದಾಗ ಎರಡು ಪುಲ್ಲಿಗಳ ನಡುವಿನ ಅಂತರ ತುಸು ಬದಲಾಗುತ್ತದೆ, ಅದರೊಂದಿಗೆ ಬೆಲ್ಟಿನ ಬಿಗಿತವೂ ಬದಲಾಗುತ್ತದೆ. ಆದ್ದರಿಂದ ಸ್ಟ್ಯಾಂಡಿನ ಮೇಲೆ ಅಳೆಯಬೇಕೋ, ಗಾಲಿ ನೆಲಕ್ಕೂರಿ ಸವಾರ ಕುಳಿತಾಗ ಅಳೆಯಬೇಕೋ ಎಂದು ಪುಸ್ತಕ ಹೇಳಿರುತ್ತದೆ, ಹಾಗೆಯೇ ಅಳೆಯಿರಿ. ಹಿಂದೆ ಇಬ್ಬರನ್ನು ಕೂರಿಸಿ, ಮುಂದೆ ಹಾಲಿನ ಕ್ಯಾನ್ ಇಟ್ಟು, ಮೇವಿನ ಹೊರೆಯನ್ನೂ ಕಟ್ಟುವ ಗಾಡಿಗೆ ಬೆಲ್ಟ್ ಹೇಳಿ ಮಾಡಿಸಿದ್ದಲ್ಲ.

ಬಿಗಿ ಹೆಚ್ಚಾದರೆ ಬೆಲ್ಟ್ ಹರಿಯುವ ಮೊದಲು ಬೇರಿಂಗ್ ಹೋಗುತ್ತದೆ, ಅದೂ ಮೋಟಾರಿನ ಅಥವಾ ಗೇರ್‌ಬಾಕ್ಸಿನ ಶಾಫ್ಟಿನ ಬೇರಿಂಗ್, ಖರ್ಚು ಬೆಲ್ಟಿಗಿಂತ ಎಷ್ಟೋ ಜಾಸ್ತಿ. ಸಡಿಲಾದರೆ ಜೋರಾಗಿ ಎಳೆದಾಗ ಬೆಲ್ಟ್ ಹಲ್ಲು ದಾಟಿ ಜಿಗಿಯುತ್ತದೆ, ‘ಟಕ್’ ಎಂಬ ಸದ್ದು ಬರುತ್ತದೆ. ವಿದ್ಯುತ್ ಗಾಡಿಯಲ್ಲಿ ಈ ಅಪಾಯ ಎರಡು ಕಡೆಯಿಂದ. ಆ್ಯಕ್ಸಿಲರೇಟರ್ ತಿರುವಿದಾಗ ಬೆಲ್ಟಿನ ಒಂದು ಬದಿ ಬಿಗಿಯುತ್ತದೆ. ಕೈ ಬಿಟ್ಟ ಕೂಡಲೇ ಮೋಟಾರು ಗಾಲಿಯನ್ನು ತಡೆದು ಬ್ಯಾಟರಿ ತುಂಬಿಸಲು ಶುರು ಮಾಡುವುದರಿಂದ ಇನ್ನೊಂದು ಬದಿ ಬಿಗಿಯುತ್ತದೆ. ಪೇಟೆಯ ಸಂದಣಿಯಲ್ಲಿ ಇದು ದಿನವಿಡೀ ನಡೆಯುತ್ತದೆ. ಸಡಿಲ ಬೆಲ್ಟಿಗೆ ಪ್ರತಿ ಸಲವೂ ಒಂದು ಹೊಡೆತ.

ಬಿಗಿತ ಸರಿಯಾದ ಮೇಲೆ ಸಾಲು. ಅಡ್ಜಸ್ಟರಿನ ಮೇಲಿನ ಗೀಟುಗಳನ್ನು ನಂಬಿ ಕೂರಬೇಡಿ. ಸ್ವಿಂಗ್‌ಆರ್ಮಿನ ಕೀಲಿನ ನಡುವಿನಿಂದ ಎಕ್ಸಲಿನ ನಡುವಿಗೆ ಎರಡೂ ಬದಿ ಅಳೆದು ಸಮ ಮಾಡಿ. ನಂತರ ಗಾಲಿಯನ್ನು ಮುಂದಿನ ದಿಕ್ಕಿಗೆ ಕೈಯಿಂದ ಹಲವು ಸುತ್ತು ತಿರುಗಿಸಿ. ಬೆಲ್ಟ್ ಪುಲ್ಲಿಯ ಒಂದು ಅಂಚಿನ ಗೋಡೆಗೆ ಹೋಗಿ ಉಜ್ಜುತ್ತಿದ್ದರೆ ಸಾಲು ತಪ್ಪಿದೆ. ಎಕ್ಸಲ್ ನಟ್ಟನ್ನು ಟಾರ್ಕ್ ಪಾನಾದಿಂದ ಪುಸ್ತಕದ ಅಳತೆಗೆ ಬಿಗಿದ ಮೇಲೆ ಟೆನ್ಶನ್ ಇನ್ನೊಮ್ಮೆ ನೋಡಲೇಬೇಕು, ಏಕೆಂದರೆ ನಟ್ ಬಿಗಿಯುವಾಗ ಎಕ್ಸಲ್ ಕೂದಲೆಳೆಯಷ್ಟಾದರೂ ಸರಿಯುತ್ತದೆ. ಮುಂದೆ ಐದುನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ.

ಅಪ್‌ಗ್ರೇಡ್ ಬಗ್ಗೆ ಕೇಳುವವರು ಬಹಳ. ಅಗಲವಾದ ಬೆಲ್ಟ್ ಹಾಕಿದರೆ ಗಟ್ಟಿ ಎನ್ನುವುದು ನಿಜ, ಆದರೆ ಎರಡೂ ಪುಲ್ಲಿ ಅಷ್ಟೇ ಅಗಲ ಆಗಬೇಕು, ಟೈರಿಗೂ ಕವಚಕ್ಕೂ ತಾಗಬಾರದು. ಕಾರ್ಬನ್ ಎಳೆಯ ಬೆಲ್ಟ್ ಅದೇ ಅಳತೆಯಲ್ಲಿ ಸಿಕ್ಕರೆ ಒಳ್ಳೆಯದು, ಅದು ಕಡಿಮೆ ಹಿಗ್ಗುತ್ತದೆ. ಪುಲ್ಲಿಯ ಹಲ್ಲಿನ ಲೆಕ್ಕ ಬದಲಿಸುವುದು ಬೇರೆಯೇ ಆಟ. ಉದಾಹರಣೆಗೆ ಮುಂದೆ 28, ಹಿಂದೆ 68 ಹಲ್ಲಿದ್ದಲ್ಲಿ ಮುಂದೆ 30 ಹಾಕಿದರೆ, ಮೊದಲು 3000 ಸುತ್ತಿಗೆ ಓಡುತ್ತಿದ್ದ ವೇಗಕ್ಕೆ ಈಗ 2800 ಸುತ್ತು ಸಾಕು. ಹೆದ್ದಾರಿಯಲ್ಲಿ ಇಂಜಿನ್ನಿಗೆ ಆರಾಮ, ಏರಿನಲ್ಲಿ ಹಾಗೂ ಭಾರ ಹೊತ್ತಾಗ ಸುಸ್ತು. ಬೆಲ್ಟಿಗೆ ಸುಮಾರು ಒಂದು ಹಲ್ಲಿನ ಉದ್ದ ಹೆಚ್ಚು ಬೇಕಾಗುತ್ತದೆ. ಹಲ್ಲಿನ ಅಂತರ 14 ಮಿಲಿಮೀಟರ್ ಇದ್ದರೆ ಗಾಲಿ ಸುಮಾರು 7 ಮಿಲಿಮೀಟರ್ ಮುಂದಕ್ಕೆ ಬರಬೇಕು, ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಉಳಿದಿರಬೇಕು. ಸ್ಪೀಡೋಮೀಟರಿನ ಸೆನ್ಸರ್ ಗೇರ್‌ಬಾಕ್ಸಿನಲ್ಲಿದ್ದರೆ ಅದೂ ತಪ್ಪು ತೋರಿಸುತ್ತದೆ. ನಮ್ಮ ರಸ್ತೆಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಅದೇ ದುಡ್ಡಿನಲ್ಲಿ ಪುಲ್ಲಿ, ಗಾಲಿಯ ಬೇರಿಂಗ್, ಕವಚ ಹೊಸದು ಮಾಡಿಸಿದರೆ ಬೆಲ್ಟ್ ಹೆಚ್ಚು ಬಾಳುತ್ತದೆ.

ಸ್ಪ್ಲೆಂಡರ್, ಪ್ಲಾಟಿನಾ, ಬುಲೆಟ್ಟಿಗೆ ಚೈನ್ ತೆಗೆದು ಬೆಲ್ಟ್ ಹಾಕಿಸುವ ಯೋಚನೆ ಇದ್ದವರಿಗೆ ನನ್ನ ಉತ್ತರ ಬೇಡ ಎಂದೇ. ಚೈನಿಗಿಂತ ಬೆಲ್ಟ್ ಅಗಲ, ಅದರ ಮುಂದಿನ ಪುಲ್ಲಿಯೂ ದೊಡ್ಡದು. ಇಂಜಿನ್ ಕವಚದ ಬಳಿ ಅದಕ್ಕೆ ಜಾಗವಿಲ್ಲ, ಲೇತಿನಲ್ಲಿ ಕೆತ್ತಿಸಿ ಕೂರಿಸಿದರೆ ಸಾಲು ನಿಲ್ಲುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಿ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಈ ಭಾಗದ ದೂಳಿಗೆ ಒಳ್ಳೆಯ ಉಪಾಯ ಹಳೆಯದೇ ಇದೆ, ಪೂರ್ತಿ ಮುಚ್ಚಿದ ಚೈನ್ ಕವರ್. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಚೈನ್ ಹಾಗೆ ಮುಚ್ಚಿಕೊಂಡೇ ಓಡುತ್ತಿತ್ತು. ಸ್ಪ್ಲೆಂಡರಿನ ಕವರ್ ಸದ್ದು ಮಾಡುತ್ತದೆಂದು ತೆಗೆದವರು ಅದನ್ನು ಮತ್ತೆ ಹಾಕಿಸಲಿ. ಹಿಂದಿನ ಹಲ್ಲುಚಕ್ರದ ತುದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಬಯಲಾದರೆ ಚೈನ್, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ ಮೂರನ್ನೂ ಒಟ್ಟಿಗೆ ಬದಲಿಸಿ. ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಲಿ.

ಬೆಲ್ಟಿನ ದಿನನಿತ್ಯದ ಆರೈಕೆ ಇಷ್ಟೇ: ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ಷು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಗ್ರೀಸ್, ಚೈನ್ ಸ್ಪ್ರೇ ಯಾವುದೂ ಬೇಡ, ರಾಳವಂತೂ ಬೇಡವೇ ಬೇಡ. ಸರ್ವಿಸಿಂಗ್ ಅಂಗಡಿಯ ಜೋರು ನೀರಿನ ಪೈಪನ್ನು ಬೇರಿಂಗಿನ ಮೇಲೆ ಹಿಡಿಯದಂತೆ ಹೇಳಿ. ತೊಳೆದ ಮೇಲೂ ಕಿರುಗುಟ್ಟಿದರೆ ಅದು ದೂಳಲ್ಲ, ಸಾಲು ತಪ್ಪಿದ ಸದ್ದು.

ಬೆಲ್ಟ್ ಬದಲಿಸಿದ ದಿನದ ಕಿಲೋಮೀಟರನ್ನು, ಪಾರ್ಟ್ ನಂಬರನ್ನು, ಅಳೆದ ಟೆನ್ಶನ್ನನ್ನು ಗಾಡಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಸಿ ಫಿಟ್ಟರನ ಸಹಿ ಹಾಕಿಸಿಕೊಳ್ಳಿ, ಬಿಲ್ ಕಳೆಯಬೇಡಿ. ಹಂಗಾಮು ಶುರುವಾಗಿ ರಸ್ತೆಗೆ ಟ್ರಾಲಿಗಳು ಇಳಿಯುವ ಮುನ್ನ, ದಸರಾ ಪೂಜೆಗೆ ಗಾಡಿ ತೊಳೆಯುವ ಹೊತ್ತಿಗೆ, ಬೆಲ್ಟಿನ ಪೂರ್ತಿ ಸುತ್ತನ್ನೊಮ್ಮೆ ನೋಡಿ, ಕೆಳಗಿನ ಕವಚ ಗಟ್ಟಿಯಿದೆಯೇ ಅಲುಗಾಡಿಸಿ ನೋಡಿ.